ನಮ್ಮ ಟಾಕಿ ನೀರು, ಮೌನಿಕಾನ ಜ್ವರ

ಇಲ್ಲ ಇಲ್ಲ, ತಡಿ, ತಪ್ಪು ಹೇಳಿದೆ, ಮೌನಿಕಾಗ ಜ್ವರ ಬಂದದ್ದು ಬ್ಯಾಸಗ್ಯಾಗ ಅಲ್ಲ, ಕಾಲುವಿಗೆ ನೀರು ಬಿಟ್ಟ ಮ್ಯಾಲ, ನಾಟಿ ಸುರುವಾದ ದಿನದಾಗ. ಬ್ಯಾಸಗ್ಯಾಗ ಆಗಿದ್ರ ಬಾಜೂಮನಿ ಹನುಮಂತಿ ಮನ್ಯಾಗ ಇರ್ತಿದ್ಲು, ಅಕಿ ಮಗಳು ನಮ್ಮ ಅಂಗಳದಾಗ ಯಾಕ ಕುಂದ್ರತಿತ್ತು? ಹಾಂ, ನಾಟಿ ದಿನ. ಏ ಸ್ಫೂರ್ತಿ, ಕಾಲು ಹಂಗ ಕೆರಕೊಬ್ಯಾಡ, ಒಳಗ ಬೇವಿನೆಣ್ಣಿ ಬಾಟ್ಲಿ ಐತಿ, ಹಚ್ಗೋ ಹೋಗು. ನೀವು ಲಿಂಗಸುಗೂರಿಂದ ರಜಾಕ್ಕ ಬರ್ತೀರಿ, ಬಂದು ನಗ್ತೀರಿ, "ಅಜ್ಜಿ, ಒಂದು ಸೊಳ್ಳಿಗೆ ಇಷ್ಟ್ಯಾಕ ಹಾರ್ಯಾಡ್ತಿ" ಅಂತ ಮುಂಜಾನಿಂದ ಮೂರು ಸಲ ಕೇಳೀರಿ. ನನಗ ಕುಂತಲ್ಲಿ ಕುಂದ್ರಾಕ ಆಗೂದಿಲ್ಲ, ಖರೇ ಅದು. ಎಲ್ಲೆರ ನೀರು ನಿಂತದ್ದು ಕಂಡ್ರ ಜೀವ ಚಡಪಡಿಸ್ತೈತಿ, ಉಣ್ಣಾಕ ಕುಂತ್ರೂ ಎದ್ದು ಹೋಗ್ತೀನಿ. ನಿಮ್ಮವ್ವಗ ಗೊತ್ತೈತಿ ಯಾಕ ಅಂತ, ಆದ್ರ ಅಕಿ ನಿಮಗ ಹೇಳಿರಲಿಕ್ಕಿಲ್ಲ, ನನ್ನ ಮರ್ಯಾದಿ ಉಳಸಾಕ. ನಾ ಹೇಳ್ತೀನಿ. ನನ್ನ ಬಾಯಿಲೇ ಕೇಳ್ರಿ.

ಈ ಜವಳಗೇರಾ ಕಾಲುವಿ ದಂಡಿ ಊರು. ಸುತ್ತಮುತ್ತ ನೋಡಿದ್ರ ನೀರ ನೀರು, ಗದ್ದಿ ತುಂಬ ನೀರು, ಆದ್ರ ಮನಿಗೆ ಅಂದ್ರ ನೀರಿಲ್ಲ, ನೋಡು. ನಾ ಸಾಲಗುಂದದಾಕಿ, ಲಗ್ನ ಆಗಿ ಈ ಮನಿಗೆ ಬಂದಾಗ ಕಾಲುವಿಯಿಂದ ತಲಿ ಮ್ಯಾಲ ಕೊಡ ಹೊತ್ತು ತರ್ತಿದ್ದೆ, ತಲಿ ಮ್ಯಾಲೊಂದು, ನಡಕ್ಕೊಂದು. ಆಮ್ಯಾಲ ಸಾಲ್ಯಾಗ ಬಿಸಿಊಟದ ಅಡಿಗಿ ಕೆಲಸ ಹತ್ತಿತಲ್ಲ, ಅಲ್ಲಿನೂ ನೀರು ನಾನ ಹೊರೋದು, ಅನ್ನಕ್ಕ ನೀರು, ಸಾರಿಗೆ ನೀರು, ಹುಡುಗ್ರ ತಾಟು ತೊಳ್ಯಾಕ ನೀರು. ಇಲ್ಲಿ ನೋಡು ಈ ಹಲ್ಲು, ಅಲ್ಲ ಈ ಕಡೀದು, ಅರ್ಧ ಮುರದೈತಲ್ಲ, ಇದು ನಳದ ಜಗಳದಾಗ ಕೊಡ ಬಡದು ಹೋದದ್ದು. ಅದಕ್ಕ ನಿಮ್ಮ ಮುತ್ಯಾ ಒಂದು ದಿನ, "ಇನ್ನ ನೀ ನೀರಿಗೆ ಜಗಳ ಆಡಬ್ಯಾಡ, ನೋಡ್ತಿರು" ಅಂತಂದು ಆ ಬೇವಿನ ಗಿಡದ ಬುಡಕ ನೀರು ಕೂಡಿಸೋ ಟಾಕಿ ಕಟ್ಟಿದ. ಗೌಂಡಿ ಕೆಲಸ ಕಲಿತಾವ ಅಲ್ಲ ಅವ, ಮಂದಿ ಕಟ್ಟೋದು ನೋಡಿ ನೋಡಿ ಕಟ್ಟಿದ, ಒಂದು ಕಡಿ ಸೊಟ್ಟ ಆಗೈತಿ ಈಗನೂ. ಆದ್ರ ನನ್ನ ಎದಿ ಮಟ ನೀರು ನಿಲ್ತಿತ್ತು ಅದ್ರಾಗ. ಅವ ಹೋದ ಮ್ಯಾಲ ಆ ಟಾಕಿ ತುಂಬಿದ್ರ ನನಗ ಮನಿ ತುಂಬಿದಂಗ ಅನಸ್ತಿತ್ತು. ನೀರು ಚೆಲ್ಲೋರ್ನ ಕಂಡ್ರ ನನಗ ಆಗ್ತಿದ್ದಿಲ್ಲ. ಮುಖ ತೊಳಕೊಂಡ ನೀರನ್ನೂ ಗಿಡಕ್ಕ ಹಾಕ್ರಿ ಅಂತಿದ್ದೆ. ಓಣ್ಯಾಗ ನಳ ಬರದಿದ್ರ, "ಈರಮ್ಮಾರ, ಎರಡು ಕೊಡ ಕೊಡ್ರಿ" ಅಂತ ಬರ್ತಿದ್ರು, ನಾ ಕೊಡ್ತಿದ್ದೆ, ಕೊಟ್ಟು ಒಂದು ನಮೂನಿ ದಿಮಾಕು ಮಾಡ್ತಿದ್ದೆ. ಸುಳ್ಳ್ಯಾಕ ಹೇಳಲಿ.

ಈಗ ಹನುಮಂತಿ. ಗ್ವಾಡಿಗೆ ಗ್ವಾಡಿ ಹಚ್ಚಿ ಅಕಿ ಮನಿ, ಒಂದ ಕೋಲಿ. ಗಂಡ ಸತ್ತಾನ, ಇರಾಕಿ ಒಬ್ಬಾಕಿ ಮಗಳು, ಮೌನಿಕಾ ಅಂತ, ನಾವು ಮೌನಿ ಅಂತಿದ್ವಿ, ಆದ್ರ ಮೌನ ಅನ್ನೋದು ಆ ಹುಡುಗಿಗೆ ಗೊತ್ತಿದ್ದಿಲ್ಲ, ವಟವಟ ವಟವಟ. ಎರಡನೇ ಕ್ಲಾಸಿನಾಗ ಇದ್ಲು ಆಗ. ನಾಟಿ ದಿನದಾಗ ಮುಂಜಾನಿ ಆರಕ್ಕ ಕೂಲಿಯವರನ್ನ ಒಯ್ಯಾಕ ಟ್ರ್ಯಾಕ್ಟರ್ ಬರ್ತಿತ್ತು, ಹನುಮಂತಿ ಬುತ್ತಿ ಕಟಗೊಂಡು, ಹುಡುಗಿನ ಎಬ್ಬಿಸಿ, ನಿದ್ದಿಗಣ್ಣಾಗ ತಂದು ನಮ್ಮ ಕಟ್ಟಿ ಮ್ಯಾಲ ಕುಂದ್ರಿಸಿ, "ಅವ್ವಾ, ಇಕಿನ್ನ ನಿಮ್ಮ ಕಡಿ ಬಿಟ್ಟೀನ್ರಿ" ಅಂತಂದು ಓಡತಿದ್ಲು. ದಿನಾ ಅದ ಮಾತು. ಸಾಲಿ ಗಂಟಿ ಬಡಿಯೋ ಮಟ ಇಲ್ಲೇ, ಸಾಲಿ ಬಿಟ್ಟ ಮ್ಯಾಲ ಸಂಜಿ ಮಟ ಇಲ್ಲೇ, ಆ ಟಾಕಿ ನೆಳ್ಳಾಗ ಕುಂತು ಮಣ್ಣಿನ ರೊಟ್ಟಿ ಬಡಿತಿತ್ತು. ಕಾಲಿಗೆ ಸೊಳ್ಳಿ ಕಡದ್ರ ಟಪ್ಪಂತ ಹೊಡದು, "ಅಜ್ಜಿ, ಪಟ್ಟಿ ಸೊಳ್ಳಿ, ಝೀಬ್ರಾ ಸೊಳ್ಳಿ" ಅಂತ ಅಂಗೈ ಮ್ಯಾಲ ಇಟಗೊಂಡು ತೋರಸ್ತಿತ್ತು. ಕಾಲಿಗೆ ಬಿಳಿ ಬಿಳಿ ಪಟ್ಟಿ ಇದ್ದಾವು ಅವು. ನಾ ಏನಂದೆ? "ಹಗಲೊತ್ತಿನ ಸೊಳ್ಳಿ ಏನ್ ಮಾಡ್ತಾವು ಬೇ, ಸುಮ್ಕಿರು" ಅಂದೆ. ರಾತ್ರಿಗೆ ಸೊಳ್ಳಿ ಪರದಿ ಕಟ್ಟಿದ್ರ ಮುಗೀತು ಅಂತ ತಿಳದಿದ್ದೆ ನಾ. ಅಷ್ಟ ನನ್ನ ಶಾಣೇತನ.

ಆ ಸಲ ನಳದ ಮೋಟರ್ ಸುಟ್ಟಿತ್ತು. ನಳ ಬಂದು ಒಂಬತ್ತು ದಿನ, ಅಲ್ಲ ಹತ್ತು ದಿನ ಆಗಿತ್ತು, ಇರಲಿ. ಆಶಾ ಕಾರ್ಯಕರ್ತಿ ಶಿವಲೀಲಾ ಬಂದ್ಲು, ಕೈಯಾಗ ಬ್ಯಾಟರಿ, ಒಂದು ಬಿಳಿ ಬಟ್ಟಲಾ. ಅಕಿ ಸಣ್ಣಾಕಿದ್ದಾಗ ಸಾಲ್ಯಾಗ ನನ್ನ ಕೈಯಾಗ ಉಂಡಾಕಿ, ಗೊತ್ತೇನು, ಎರಡು ಸಲ ಸಾರು ಹಾಕಿಸ್ಕೊಂತಿದ್ಲು. "ಈರಮ್ಮಾರ, ಟಾಕಿ ಮುಚ್ಚಳ ಜರಾ ತಗೀರಿ, ನೋಡ್ತೀನಿ" ಅಂದ್ಲು. "ಏನ್ ನೋಡ್ತೀ, ನೀರು ನೋಡಿಲ್ಲೇನು?" ಅಂದೆ. ಮುಚ್ಚಳ ಅಂದ್ರ ಏನದು, ಹಳೇ ತಗಡು, ಒಂದು ಮೂಲ್ಯಾಗ ಚೊಂಬು ಅದ್ದಾಕ ಅನುಕೂಲ ಆಗಲಿ ಅಂತ ನಾನ ಮಡಚಿದ್ದೆ, ಕೈ ಹೋಗುವಷ್ಟು ಸಂದಿ. ಅಕಿ ಆ ಸಂದಿ ನೋಡಿ, "ಅಮ್ಮಾರ, ಇಷ್ಟು ಸಂದಿ ಸಾಕ್ರಿ ಸೊಳ್ಳಿಗೆ ತತ್ತಿ ಇಡಾಕ. ವಾರಕ್ಕೊಮ್ಮಿ ಖಾಲಿ ಮಾಡ್ರಿ, ಗ್ವಾಡಿ ತಿಕ್ಕ್ರಿ, ಬಿಸಿಲಿಗೆ ಒಣಗಿಸಿ ಮತ್ತ ತುಂಬ್ರಿ" ಅಂದ್ಲು. ಖಾಲಿ ಮಾಡ್ರಿ! ನನಗ ಖಾಲಿ ಮಾಡ್ರಿ ಅಂತಾಳ! "ನಿನಗ ಗೊತ್ತೈತೇನು ನೀರು ಅಂದ್ರ ಏನು? ನೀ ಎಷ್ಟು ಕೊಡ ಹೊತ್ತೀ? ನನಗ ನೀರಿನ ಪಾಠ ಹೇಳಾಕ ಬಂದೀಯೇನು?" ಅಂತ ಜೋರು ಮಾಡಿದೆ, ಓಣಿ ಹೆಣ್ಮಕ್ಕಳು ಬಾಗಲಕ್ಕ ಬಂದು ನಿಂತ್ರು. ಅಕಿ ಮೆತ್ತಗ, "ಖಾಲಿ ಮಾಡೋದು ಬ್ಯಾಡ್ರಿ ಹಂಗಾರ, ಔಷಧರ ಹಾಕ್ತೀನ್ರಿ" ಅಂದ್ಲು. "ನನ್ನ ನೀರಿಗೆ ವಿಷ ಹಾಕ್ತೀಯಾ? ನಡಿ ಮೊದಲ" ಅಂದೆ. ಹೋದ್ಲು. ಪಾಪ, ಬಟ್ಟಲಾ ಚೀಲದಾಗ ಇಟಗೊಂಡು ತಲಿ ತಗ್ಗಿಸಿ ಹೋದ್ಲು. ನಾ ಗೆದ್ದೆ ಅಂತ ಒಳಗ ಬಂದು ಚಾ ಮಾಡ್ಕೊಂಡು ಕುಡದೆ.

ಅದಾಗಿ ಎಷ್ಟೋ ದಿನಕ್ಕ, ಒಂದು ವಾರ ಅನ್ಕೋ, ಮೌನಿಗೆ ಜ್ವರ ಬಂತು. ಸಾಲಿಯಿಂದನ ಕಳಿಸಿದ್ರು. ಮೈ ಹಂಚು ಕಾದಂಗ ಕಾದಿತ್ತು. "ಅಜ್ಜಿ, ಕಣ್ಣಿನ ಹಿಂದ ನೋವಾಗ್ತೈತಿ" ಅಂತು. "ಕಣ್ಣಿನ ಹಿಂದ ಏನಿರ್ತೈತಿ ಬೇ?" ಅಂತ ನಕ್ಕೆ ನಾ, ನಕ್ಕೆ ನೋಡು. ಹನುಮಂತಿ ಒಂದು ದಿನ ಕೆಲಸ ಬಿಟ್ಟು ಕುಂತ್ಲು, ಜ್ವರದ ಗುಳಿಗಿ ಹಾಕಿದ್ಲು, ಒದ್ದಿ ಬಟ್ಟಿ ಹಣಿಗೆ ಹಾಕಿದ್ಲು. ಮರುದಿನ ನಾಟಿ ಕೂಲಿ ಮೇಸ್ತ್ರಿ ಬಂದು, "ಬರ್ತೀಯೋ, ಬ್ಯಾರೆಯಾಕಿನ್ನ ಕರಕೊಳ್ಳೋ?" ಅಂತ ಕೇಳಿದ. ಅಕಿ ನನ್ನ ಮುಖ ನೋಡಿದ್ಲು. "ನೀ ಹೋಗು, ನಾ ಅದೀನಲ್ಲ" ಅಂದೆ. ಎರಡು ದಿನ ನಾನ ನೋಡಕೊಂಡೆ, ನಮ್ಮ ಕಟ್ಟಿ ಮ್ಯಾಲ ಚಾಪಿ ಹಾಸಿ ಮಲಗಿಸಿದ್ದೆ, ಗಾಳಿ ಆಡಲಿ ಅಂತ. ಅದೂ ತಪ್ಪು, ನೋಡು, ಜ್ವರ ಬಂದ ಕೂಸಿಗೆ ಮತ್ತ ಅವೇ ಸೊಳ್ಳಿ ಕಡಿತಿದ್ವು, ಆಮ್ಯಾಲ ಅವು ಇನ್ನೊಬ್ಬರಿಗೆ ಕಡಿತಾವು, ಪರದಿ ಒಳಗ ಮಲಗಿಸಬೇಕಿತ್ತು, ಹಗಲಿನೂ. ನಾಕನೇ ದಿನ ಮುಂಜಾನಿ ಮೈ ಮುಟ್ಟಿ ನೋಡಿದ್ರ ತಣ್ಣಗ. ಜ್ವರ ಬಿಟ್ಟಿತ್ತು! ನನಗ ಎಷ್ಟು ಖುಷಿ ಆತು ಅಂದ್ರ, ಮಜ್ಜಿಗಿ ಅನ್ನ ಕಲಿಸಿ ಎರಡು ತುತ್ತು ಉಣಿಸಿದೆ, "ಹನುಮಂತಿ, ಅರಾಮ್ ಆಗ್ಯಾಳ, ನೀ ಫಿಕರ್ ಮಾಡಬ್ಯಾಡ" ಅಂತ ಅಕಿನ್ನ ಟ್ರ್ಯಾಕ್ಟರ್ ಹತ್ತಿಸಿ ಕಳಿಸಿದೆ.

ಹತ್ತು ಹೊಡಿಯೋದ್ರಾಗ ಉಂಡದ್ದೆಲ್ಲ ಕಾರಿಕೊಂತು. ಮತ್ತೊಮ್ಮಿ. ಮತ್ತೊಮ್ಮಿ. "ಹೊಟ್ಟಿ, ಹೊಟ್ಟಿ" ಅಂತ ಮಡಚಿಕೊಂಡು ಮಲಗಿತು, ವಟವಟ ಅನ್ನೋ ಹುಡುಗಿ ಮಾತ ಆಡವಲ್ದು. ಅಂಗಾಲು ಮುಟ್ಟಿದೆ, ಬಾವಿ ಕಲ್ಲು ಮುಟ್ಟಿದಂಗ. ತಲಿದಿಂಬಿನ ಮ್ಯಾಲ ಕೆಂಪಗ ಒಂದು ಕಲಿ, ವಸಡಿನಿಂದ ರಕ್ತ. ನಾ ಗಾಬರಿ ಆಗಿ ಓಣ್ಯಾಗ ಓಡಿದೆ, ಯಾರು ಸಿಕ್ಕರು ಹೇಳ್ರಿ ನೋಡೋಣು? ಶಿವಲೀಲಾ. ನಾ ಬೈದು ಕಳಿಸಿದ್ದೆನಲ್ಲ, ಅಕಿನ. ಒಂದು ಮಾತು ಹಿಂದಿನದು ಎತ್ತಲಿಲ್ಲ. ಬಂದು ಹುಡುಗಿ ಉಗುರು ಒತ್ತಿ ನೋಡಿದ್ಲು, ಮುಖ ಸಣ್ಣದು ಮಾಡಿದ್ಲು. "ಅಮ್ಮಾರ, ಜ್ವರ ಇಳದಾಗನ ಹೆಚ್ಚು ಹುಷಾರಿರಬೇಕ್ರಿ ಇದ್ರಾಗ. ಈಗ ಒಂದು ನಿಮಿಷ ತಡ ಮಾಡಬಾರದು" ಅಂದ್ಲು. ಅಕಿನ ಆಟೋ ಕರದ್ಲು, ಅಕಿನ ಮೇಸ್ತ್ರಿಗೆ ಫೋನ್ ಹಚ್ಚಿದ್ಲು. ಸಿಂಧನೂರು ದವಾಖಾನಿ ಬಾಗಲಕ್ಕ ನಾವು ಮುಟ್ಟೋದೂ, ಹನುಮಂತಿ ಯಾರದೋ ಗಾಡಿ ಹಿಂದ ಕುಂತು ಬಂದು ಇಳಿಯೋದೂ ಒಂದ ಆತು. ಮಣಕಾಲ ಮಟ ಗದ್ದಿ ಕೆಸರು, ಸೀರಿ ಕಚ್ಚಿ ಬಿಚ್ಚಿಲ್ಲ, ಕೈಯಾಗ ಇನ್ನಾ ಒಂದು ಹಿಡಿ ಸಸಿ ಹಂಗ ಐತಿ, ಕೆಳಗ ಇಡೋದನ್ನ ಮರತಾಳ. "ಅವ್ವಾ, ಅರಾಮ್ ಆಗ್ಯಾಳ ಅಂದಿದ್ರಲ್ರಿ?" ಅಂದ್ಲು. ಬೈಯಾಕ ಅಲ್ಲ, ಸುಮ್ಕ ಕೇಳಿದ್ಲು. ನಾ ಅಕಿ ಕೈಯಾಗಿನ ಸಸಿ ಬಿಡಿಸಿ ಕೆಳಗ ಇಟ್ಟೆ.

ರಕ್ತ ತಪಾಸ್ ಮಾಡಿದ್ರು, ಡೆಂಗಿ ಅಂದ್ರು, ಸಲಾಯಿನ್ ಹಚ್ಚಿದ್ರು, ರಾಯಚೂರಿಗೆ ಒಯ್ಯಬೇಕು ಅಂದ್ರು. ಆಂಬುಲೆನ್ಸ್ ನಮ್ಮೂರ ಮುಂದನ ಹೋತು, ಕಿಡಕಿಯಾಗಿಂದ ಬಸ್‌ಸ್ಟ್ಯಾಂಡ್ ಕಂಡಿತು, ಪೋತ್ನಾಳ ದಾಟಿತು, ಮಾನ್ವಿ ದಾಟಿತು, ನಾ ಆ ಹುಡುಗಿ ಅಂಗಾಲು ತಿಕ್ಕೊಂತ ಕುಂತಿದ್ದೆ, ತಿಕ್ಕಿ ತಿಕ್ಕಿ ನನ್ನ ಕೈ ಕಾದ್ವು, ಅಕಿ ಕಾಲು ಕಾಯಲಿಲ್ಲ. ಅಲ್ಲಿ ಒಳಗ ಒಯ್ದ್ರು, ನಮ್ಮನ್ನ ಹೊರಗ ಕುಂದ್ರಿಸಿದ್ರು. ಹೊರಗ ಕುಂದ್ರೋದು ಅಂದ್ರ ಏನು ಅಂತ ನಿಮಗ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ. ನಾ ಕುಂದ್ರತಿದ್ದೆ, ಏಳತಿದ್ದೆ, ಆ ಬಾಗಲ ಮಟ ಹೋಗತಿದ್ದೆ, ಬರತಿದ್ದೆ. ಮರುದಿನ ಒಬ್ಬಾಕಿ ನರ್ಸ್ ಬಾಯಿ ಹೊರಗ ಬಂದು, "ಮನಿ ಹತ್ರ ನೀರು ಕೂಡಿಸಿ ಇಟ್ಟೀರೇನ್ರಿ? ಈ ಸೊಳ್ಳಿ ಗದ್ದ್ಯಾಗ ಹುಟ್ಟೂದಿಲ್ಲ, ಮನಿ ಮುಂದಿನ ಚಲೋ ನೀರಾಗ ಹುಟ್ತೈತಿ, ಹಗಲಿ ಕಡಿತೈತಿ" ಅಂದ್ಲು. ಹನುಮಂತಿ, "ಇಲ್ರಿ ಬಾಯಾರ, ನಮ್ಮ ಮನ್ಯಾಗ ಎರಡ ಕೊಡ, ದಿನಾ ಖಾಲಿ ಆಗ್ತಾವ" ಅಂದ್ಲು. ನರ್ಸ್ ಬಾಯಿ ಹೋದ್ಲು. ಝೀಬ್ರಾ ಸೊಳ್ಳಿ ಅಂತ ಅಂಗೈ ತೋರಿಸಿತ್ತಲ್ಲ ಹುಡುಗಿ, ಅದು ಕಣ್ಣ ಮುಂದ ಬಂತು. ಆದ್ರೂ ಟಾಕಿ ಸುದ್ದಿ ಹೇಳಲಿಲ್ಲ. ಒಂದು ದಿನ ಅಲ್ಲ, ಎರಡು ದಿನ. ಹನುಮಂತಿ ಅಲ್ಲಿ ಯಾರೋ ಹಂಚಿದ ಅನ್ನದಾಗ ಅರ್ಧ ತಗದು, "ಅವ್ವಾ, ನೀವು ಮೊದಲು ಉಣ್ರಿ, ನಿಮಗ ವಯಸ್ಸಾಗೈತಿ" ಅಂತ ನನ್ನ ಮುಂದ ಇಡತಿದ್ಲು. ಓಣಿ ಮಂದಿಗೆ ನೀರು ಕೊಟ್ಟು ದಿಮಾಕು ಮಾಡ್ತಿದ್ದೆ ಅಂದೆನಲ್ಲ, ಆ ನೀರಿನ ಹೆಸರು ಎತ್ತಾಕ ನನಗ ಧೈರ್ಯ ಇಲ್ಲ.

ಮೂರನೇ ದಿನ ಅಕಿ ನಳದ ಹತ್ರ ತಾಟು ತೊಳ್ಯಾಕತ್ತಿದ್ಲು. ನಾ ಹೋಗಿ ಬಾಜೂಕ ನಿಂತೆ. "ಹನುಮಂತಿ, ನಮ್ಮ ಟಾಕಿ ಐತಲ್ಲ" ಅಂದೆ. "ಹೂಂ ರೀ." "ಶಿವಲೀಲಾ ಅದನ್ನ ನೋಡಾಕ ಬಂದಿದ್ಲು. ಖಾಲಿ ಮಾಡ್ರಿ ಅಂದ್ಲು. ನಾ ಬೈದು ಕಳಿಸಿದೆ. ಮೌನಿ ದಿನಾ ಅಲ್ಲೇ ಕುಂದ್ರತಿತ್ತು." ಅಕಿ ನಳ ಬಂದ್ ಮಾಡಿದ್ಲು. ತಾಟು ಸೀರಿ ಸೆರಗಿಗೆ ಒರಸಿದ್ಲು, ಒರಸಿದ್ದ ಒರಸಿದ್ಲು. ನಾ ತಿಳಕೊಂಡೆ, ಈಗ ಬೈತಾಳ, ಹೊಡಿತಾಳ, ಹೊಡೀಲಿ. ಅಕಿ ಕೇಳಿದ್ದು ಏನು ಗೊತ್ತೇನು? "ಈಗ ಅದು ಖಾಲಿ ಐತೇನ್ರಿ?" ಅಂದ್ಲು. "ಇಲ್ಲ" ಅಂದೆ. "ಹಂಗಾರ ಇಲ್ಲ್ಯಾಕ ಕುಂತೀರಿ? ಓಣ್ಯಾಗ ಇನ್ನಾ ಹುಡುಗ್ರು ಅದಾವಲ್ರಿ" ಅಂದ್ಲು. ಅಷ್ಟ. ತಾಟು ತಗೊಂಡು ಒಳಗ ಹೋದ್ಲು, ಹೊಳ್ಳಿ ನೋಡಲಿಲ್ಲ.

ನಾ ಸಿಕ್ಕ ಬಸ್ಸು ಹತ್ತಿದೆ. ಆ ಬಸ್ಸು ನಡಿಯವಲ್ದು, ಪ್ರತಿ ಸ್ಟಾಪಿಗೆ ನಿಲ್ತೈತಿ, ನನಗ ಇಳದು ನೂಕಬೇಕು ಅನಸಾಕತ್ತಿತು. ದಾರಿ ತುಂಬ ನೋಡ್ತೀನಿ, ಹಳೇ ಟಯರು, ಒಡದ ಮಡಕಿ, ಎಳನೀರು ಬುರುಡಿ, ತೆರದ ಡ್ರಮ್ಮು, ಮೊದಲು ಇವು ಕಣ್ಣಿಗೆ ಬೀಳ್ತಿದ್ದಿಲ್ಲ. ಮಟಮಟ ಮಧ್ಯಾಹ್ನ ಊರು ಮುಟ್ಟಿ, ಸೀದಾ ಅಂಗಳಕ್ಕ ಬಂದು, ತಗಡು ಕಿತ್ತು ಒಗದು, ಬಿಳಿ ತಾಟಿನಾಗ ಟಾಕಿ ನೀರು ಮೊಗದು ಬಿಸಿಲಿಗೆ ಹಿಡದೆ. ಮೊದಲು ಏನೂ ಕಾಣಲಿಲ್ಲ, ಕಸ ಅದಾವ ಅಂದೆ. ಆ ಕಸ ಮಿಸುಕಾಡಿತು. ಅಡ್ಡಾದಿಡ್ಡಿ ಡೊಂಕಾಗಿ, ಮ್ಯಾಲ ಬಂದು ಬಾಲ ಹಚ್ಚಿ, ಮತ್ತ ಕೆಳಗ ಹೋಗತಿದ್ವು, ಸೊಳ್ಳಿ ಹುಳ, ಒಂದಲ್ಲ ಎರಡಲ್ಲ, ತಾಟು ತುಂಬ. ಈ ನೀರನ್ನ ನಾ ಮಂದಿಗೆ ಕೊಡ ಕೊಡ ಕೊಟ್ಟಿದ್ದೆ. ನಾ ಸೀರಿ ಎತ್ತಿ ಕಟ್ಟಿ, ಟಾಕಿ ಬುಡದ ಬೂಚು ಹಿಡದು ಜಗ್ಗಿದೆ, ಬರವಲ್ದು, ಕಲ್ಲು ತಗೊಂಡು ಬಡದು ತಗದೆ. ಬುಸ್ ಅಂತ ನೀರು ಹೊಂಟಿತು. ಓಣಿ ಹೆಣ್ಮಕ್ಕಳು ಓಡಿ ಬಂದ್ರು, "ಅಯ್ಯಯ್ಯೋ, ಈರಮ್ಮಗ ಹುಚ್ಚು ಹಿಡದೈತಿ, ನಮಗರ ಕೊಡಬಾರದೇನು, ಮನ್ಯಾಗ ಹನಿ ನೀರಿಲ್ಲ!" ಅಂತ ಬಾಯಿ ಮಾಡಿದ್ರು. ನಾ ತಾಟು ಅವರ ಮುಂದ ಹಿಡದೆ. "ನೋಡ್ರಿ. ಇದು ನನ್ನ ಟಾಕೀದು. ಮೌನಿ ರಾಯಚೂರಾಗ ಮಲಗೈತಿ. ನಿಮ್ಮ ಮನ್ಯಾಗ ಏನದಾವ ನೀವೂ ನೋಡಕೊಳ್ರಿ" ಅಂದೆ. ಒಬ್ಬೊಬ್ಬರ ಮನಿ ಕಡಿ ಹೋದ್ರು, ಆಮ್ಯಾಲ ಡ್ರಮ್ಮು ಉರುಳಿಸೋ ಸಪ್ಪಳ ಕೇಳಿಸಿತು.

ಅಷ್ಟೊತ್ತಿಗೆ ಶಿವಲೀಲಾ ಬಂದ್ಲು. ನಾ ಏನರ ಹೇಳೋದ್ರಾಗ ಅಕಿ ಚಪ್ಪಲಿ ಬಿಟ್ಟು ಟಾಕಿ ಒಳಗ ಇಳದ್ಲು, ನೀರು ಇನ್ನಾ ಪಾದ ಮುಳುಗುವಷ್ಟಿತ್ತು. "ಚರಂಡಿಗೆ ಬಿಡಬ್ಯಾಡ್ರಿ, ಒಣ ನೆಲಕ್ಕ ಹರಿಲಿ, ಹುಳ ಅಲ್ಲೇ ಸಾಯ್ತಾವ" ಅಂದ್ಲು. "ಗ್ವಾಡಿ ತಿಕ್ಕ್ರಿ ಅಮ್ಮಾರ, ತತ್ತಿ ಗ್ವಾಡಿಗೆ ಅಂಟಿಕೊಂಡಿರ್ತಾವ, ಸುಮ್ಕ ನೀರು ಬದಲಿ ಮಾಡಿದ್ರ ಮತ್ತ ಹುಟ್ತಾವ." ನಾ ತೆಂಗಿನ ನಾರು ತಗೊಂಡು ಹೊರಗಿಂದ ಬಗ್ಗಿ, ಅಕಿ ಒಳಗ ನಿಂತು, ಇಬ್ಬರೂ ತಿಕ್ಕಿದ್ವಿ. ನಿಮ್ಮ ಮುತ್ಯಾ ಹಸಿ ಸಿಮೆಂಟ್ ಗಿಲಾವಿಗೆ ಒತ್ತಿದ ಬೆರಳಿನ ಗುರುತು ಬುಡದಾಗ ಕಂಡ್ವು, ಎಷ್ಟೋ ವರ್ಷ ನೀರಿನ ಕೆಳಗ ಇದ್ದದ್ದು. ಅಳು ಬಂತು, ತಿಕ್ಕಿದೆ. "ಶಿವಲೀಲಾ, ನಾ ಅವತ್ತು ನಿನಗ..." ಅಂದೆ. "ಇರಲಿ ಬಿಡ್ರಿ, ಆ ಮೂಲಿ ತಿಕ್ಕ್ರಿ" ಅಂದ್ಲು. ಟಾಕಿ ಮುಗದ ಮ್ಯಾಲ ಓಣಿ ಕಡಿಗೆ ಹೊಂಟ್ವಿ. ಪಂಚರ್ ಅಂಗಡಿ ತಿಮ್ಮಣ್ಣನ ಟಯರ್ ಗುಡ್ಡಿ ಇತ್ತಲ್ಲ, ಅವ ಮಾತ್ರ, "ನಿನ್ನ ಟಾಕಿಗೂ ನನ್ನ ಟಯರಿಗೂ ಏನ್ ಸಂಬಂಧ ಬೇ, ದೊಡ್ಡ ಡಾಕ್ಟರ್ ಬಂದ್ಲು" ಅಂದ. ನಾ ಒಂದು ಟಯರ್ ಒಳಗ ಕೈ ಹಾಕಿ ನೀರು ಬೊಗಸಿ ತುಂಬ ತಗದು ಅವನ ಮುಂದ ಹಿಡದೆ. ಅದ್ರಾಗನೂ ಮಿಸುಕಾಡತಿದ್ವು. ಅವ ನೋಡಿದ, ಒಳಗ ಆಡಾಕತ್ತಿದ್ದ ತನ್ನ ಮೊಮ್ಮಗಳ ಕಡಿ ನೋಡಿದ, ಟಯರು ಬಗ್ಗಿಸಿ ನೀರು ಚೆಲ್ಲಿ ಶೆಡ್ ಒಳಗ ಹೊರಾಕತ್ತಿದ.

ಮೌನಿ ಉಳೀತು. ಎಂಟೋ ಒಂಬತ್ತೋ ದಿನಕ್ಕ ಬಿಟ್ಟು ಕಳಿಸಿದ್ರು. ಆದ್ರ ಹನುಮಂತಿ ಇಲ್ಲಿಗೆ ಬರಲಿಲ್ಲ, ಮಸ್ಕ್ಯಾಗ ಅಕಿ ಅಕ್ಕ ಇದ್ದಾಳಲ್ಲ, ಅಲ್ಲಿಗೆ ಕರಕೊಂಡು ಹೋದ್ಲು. ಒಂದು ತಿಂಗಳಾದ ಮ್ಯಾಲ ಬಂದ್ರು, ಹುಡುಗಿ ಕಡ್ಡಿ ಆಗಿತ್ತು, ನನ್ನ ಕಂಡು "ಅಜ್ಜಿ" ಅಂತ ಓಡಿ ಬರಾಕ ಹೋತು, ಹನುಮಂತಿ ಕೈ ಹಿಡದು ಒಳಗ ಒಯ್ದ್ಲು. ಸಿಟ್ಟು ಮಾಡಲಿಲ್ಲ, ಜಗಳ ಇಲ್ಲ, "ಉಂಡ್ರೇನ್ರಿ" ಅಂದ್ರ "ಉಂಡೆ" ಅನ್ನೋದು, ಅಷ್ಟ. ಕೆಲಸಕ್ಕ ಹೋಗುವಾಗ ಸಾಲಿ ತಪ್ಪಿದ್ರೂ ಹುಡುಗಿನ ಹೊಲಕ್ಕ ಕರಕೊಂಡು ಹೋಗತಿದ್ಲು, ಬದುವಿನ ಮ್ಯಾಲ ಬಿಸಿಲಾಗ ಕುಂದ್ರಿಸತಿದ್ಲು. ನಾ ದಿನಾ ಮುಂಜಾನಿ ಕಟ್ಟಿ ಕಸ ಹೊಡದು ಕುಂದ್ರತಿದ್ದೆ, ಟ್ರ್ಯಾಕ್ಟರ್ ಬರತಿತ್ತು, ಹೋಗತಿತ್ತು. ಒಬ್ಬರು ನಮ್ಮನ್ನ ನಂಬೋದು ಬಿಟ್ರ ಮನಿ ಎಷ್ಟು ಖಾಲಿ ಆಗ್ತೈತಿ ಅನ್ನೋದು ಆಗ ಗೊತ್ತಾತು. ನಾ ಏನ್ ಮಾಡಲಿ? ಮಾಡೋದು ಮಾಡಿದೆ. ಟಾಕಿಗೆ ಸಂದಿ ಇಲ್ಲದ ಹೊಸಾ ಮುಚ್ಚಳ ಮಾಡಿಸಿದೆ, ಸುತ್ತ ಹಳೇ ಸೀರಿ ಬಿಗದೆ, ಶುಕ್ರವಾರಕ್ಕೊಮ್ಮಿ ತಿಕ್ಕೋದು ಹಿಡದೆ, ನಳ ಬಂದಿಲ್ಲ ಅಂದ್ರೂ ಇದ್ದ ನೀರು ಬಟ್ಟಿಲೇ ಸೋಸಿ ಕೊಡಕ್ಕ ತುಂಬಿ, ತಿಕ್ಕಿ, ಮತ್ತ ಹಾಕೋದು. ತುಳಸಿ ಕುಂಡಿ ಕೆಳಗಿನ ತಾಟು ತಗದು ಒಗದೆ. ಫ್ರಿಜ್ ಹಿಂದ ನೀರು ನಿಲ್ಲೋ ತಟ್ಟಿ ಇರ್ತೈತಿ ಅನ್ನೋದೂ ಆಗ ಕಲಿತೆ. ಯಾರಿಗೂ ತೋರಿಸಾಕ ಅಲ್ಲ, ಕೈ ಸುಮ್ಕ ಇರವಲ್ವು.

ಹಿಂಗಾರಿ ಕೆಲಸದ ದಿನದಾಗ, ಒಂದು ಮುಂಜಾನಿ, ಹನುಮಂತಿ ಹುಡುಗಿ ಕೈ ಹಿಡಕೊಂಡು ಅಂಗಳಕ್ಕ ಬಂದ್ಲು. ನನ್ನ ಮುಖ ನೋಡಲಿಲ್ಲ. ಸೀದಾ ಟಾಕಿ ಕಡಿ ಹೋದ್ಲು, ಅದಕ್ಕ ಬಿಗದಿದ್ದ ಹಳೇ ಸೀರಿ ಬಿಚ್ಚಿದ್ಲು, ಮುಚ್ಚಳ ಎತ್ತಿದ್ಲು, ಫೋನಿನ ಬ್ಯಾಟರಿ ಹಚ್ಚಿ ಒಳಗ ಬಗ್ಗಿ ನೋಡಿದ್ಲು, ಬಾಳೊತ್ತು ನೋಡಿದ್ಲು. ಆಮ್ಯಾಲ ಮುಚ್ಚಿ ಬಿಗಿಯಾಗಿ ಕಟ್ಟಿದ್ಲು. ಗುಡಿಸೋ ಕಸಬರಗಿ ಹಿಡಕೊಂಡು ನಾ ನಿಂತ ನಿಂತೆ. "ಅವ್ವಾ, ಇಕಿನ್ನ ನಿಮ್ಮ ಕಡಿ ಬಿಟ್ಟೀನ್ರಿ" ಅಂದ್ಲು. ಟ್ರ್ಯಾಕ್ಟರ್ ಕಡಿ ಓಡಿದ್ಲು. ಮರುದಿನನೂ ನೋಡಿದ್ಲು, ಆಚಿ ದಿನನೂ ನೋಡಿದ್ಲು. ಈಗ ಮೌನಿ ಏಳನೇ ಕ್ಲಾಸು, ಅಕಿನ ಬಂದು ಮುಚ್ಚಳ ಎತ್ತಿ ನೋಡ್ತಾಳ, ನನಗ ಏನೂ ಅನಸೂದಿಲ್ಲ, ಎತ್ತಿ ನೋಡಲಿ. ದೊಡ್ಡೋರ ಮನಿ, ಹಿರೇರು ಇಟ್ಟ ನೀರು ಅಂತ ಸುಮ್ನ ಇರಬ್ಯಾಡ್ರಿ ನೀವೂ, ಯಾರು ಬೈದ್ರೂ ಬೈಲಿ, ವಾರಕ್ಕೊಮ್ಮಿ ಮುಚ್ಚಳ ಎತ್ತಿ ನೋಡ್ರಿ. ಏಳ್ರಿ ಈಗ, ಇವತ್ತು ಶುಕ್ರವಾರ, ಟಾಕಿ ತಿಕ್ಕೋ ನಾರು ಎಲ್ಲಿಟ್ಟೀರಿ ತರ್ರಿ.